ಹತ್ತು ಡಾಲರ್ ದಂಡ, ನಾಲ್ಕಿಂಚಿನ ಪೈಪು

ಜುಲೈ ತಿಂಗಳ ಬೆಂಗಳೂರು ನಿಮಗೆ ಗೊತ್ತೇ ಇದೆ. ಮಳೆ ಜೋರಾಗಿ ಬರೋದೂ ಇಲ್ಲ, ಪೂರ್ತಿ ನಿಲ್ಲೋದೂ ಇಲ್ಲ. ಬಾಲ್ಕನಿಯಲ್ಲಿ ಹರವಿದ ಜೀನ್ಸು ಮೂರನೇ ದಿನಕ್ಕೂ ಹಸಿ, ಮೇಲೆ ಮುಗ್ಗಲು ವಾಸನೆ ಬೇರೆ. ಅಂಥದ್ದೊಂದು ಸಂಜೆ ನಮ್ಮ ಬೀದಿಯ ಲಾಂಡ್ರಿಗೆ ಬಟ್ಟೆ ಇಸ್ಕೊಂಡು ಬರೋಕೆ ಹೋದೆ. ಸುತ್ತಮುತ್ತಲಿನ ಪಿಜಿಗಳು, ಎರಡು ಸಣ್ಣ ಹೋಟೆಲು, ಒಂದು ಸ್ಪಾ, ಎಲ್ಲರ ಬಟ್ಟೆಯೂ ಅಲ್ಲಿಗೇ ಬರುತ್ತೆ. ಒಳಗೆ ದೊಡ್ಡ ಡ್ರೈಯರ್ ತಿರುಗ್ತಾ ಇತ್ತು. ಅಂಗಡಿ ತುಂಬ ಸೆಕೆ, ಗಾಜಿನ ಬಾಗಿಲ ಮೇಲೆ ಬೆವರು, ಎಲ್ಲಿಂದಲೋ ಸೀದ ಹತ್ತಿಯ ವಾಸನೆ.

ಅಂಗಡಿ ನೋಡ್ಕೊಳ್ಳೋ ಹುಡುಗ ಯಾದಗಿರಿ ಕಡೆಯವನು. ‘ಇನ್ನೊಂದ್ಹತ್ತು ನಿಮಿಷ ನಿಂದರ್ರಿ ಅಣ್ಣಾ, ಆಗೇತಿ’ ಅಂದ. ನಿಂತೆ. ಸುಮ್ಮನೆ ಮಷೀನಿನ ಹಿಂದೆ ಇಣುಕಿದೆ. ಮಷೀನಿನ ಬಾಯಿ ಎಂಟಿಂಚು ಅಗಲ ಇತ್ತು. ಅದಕ್ಕೆ ತಗಡಿನ ಕೊಳವೆ ಸುತ್ತಿ, ಟೇಪು ಹಾಕಿ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿದ್ದ ನಾಲ್ಕಿಂಚಿನ ಫಾಯಿಲ್ ಪೈಪು ಸಿಕ್ಕಿಸಿದ್ದರು. ಪೈಪು ಮೇಲೆ ಹೋಗಿ ಸೀಲಿಂಗಿನ ಹಲಗೆಯೊಳಗೆ ಮಾಯ.

‘ಈ ಪೈಪು ಎಲ್ಲಿಗೆ ಹೋಗುತ್ತೋ?’ ಅಂದೆ.

‘ಮ್ಯಾಲ ಹೋಗ್ತೈತ್ರಿ.’

‘ಮೇಲೆ ಅಂದ್ರೆ? ಹೊರಗಡೆಗಾ?’

‘ಇಲ್ರಿ, ಮ್ಯಾಲ, ಅಟ್ಟದಾಗ. ನಾ ಅಲ್ಲೇ ಮಕ್ಕೋತೀನ್ರಿ. ಥಂಡಿ ದಿನದಾಗ ಛಲೋ ಬೆಚ್ಚಗ ಇರ್ತೈತ್ರಿ.’

ಬಟ್ಟೆ ತಗೊಂಡು ಮನೆಗೆ ಬಂದೆ. ಆ ‘ಬೆಚ್ಚಗ’ ಅನ್ನೋ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಬಟ್ಟೆ ಒಣಗಿಸೋದು ಯಾವಾಗಿಂದ ಇಷ್ಟು ಅಪಾಯದ ಕೆಲಸ ಆಯ್ತು? ಹುಡುಕ್ತಾ ಹೋದರೆ ಅದಕ್ಕೊಂದು ದೊಡ್ಡ ಚರಿತ್ರೆಯೇ ಇದೆ.

ನಮ್ಮ ಊರುಗಳ ಕಥೆ ಸರಳ. ಮಡಿವಾಳರು ಬಟ್ಟೆಗೆ ಚೌಳು ಮಣ್ಣು ಹಚ್ಚಿ, ಉಬ್ಬೆಗೆ ಹಾಕಿ, ಕಲ್ಲಿಗೆ ಒಗೆದು, ಕೆರೆ ದಂಡೆ ಮೇಲೆ ಹರವುತ್ತಿದ್ದರು. ಬೆಂಕಿ ಬೇಕಾಗಿದ್ದು ಉಬ್ಬೆಗೆ ಮಾತ್ರ, ಒಣಗಿಸೋಕೆ ಬಿಸಿಲು ಸಾಕಿತ್ತು. ಮುಂಬೈಯ ಮಹಾಲಕ್ಷ್ಮಿ ಧೋಬಿ ಘಾಟಿನಲ್ಲಿ ಇವತ್ತಿಗೂ ಎರಡು ಹಗ್ಗ ಹುರಿ ಮಾಡಿ, ಆ ಹುರಿಯ ನಡುವೆ ಬಟ್ಟೆಯ ಅಂಚು ಸಿಕ್ಕಿಸಿ ಒಣಹಾಕ್ತಾರೆ. ಕ್ಲಿಪ್ಪಿನ ಖರ್ಚೂ ಇಲ್ಲ.

ಬಿಸಿಲಿಲ್ಲದ ದೇಶಗಳ ಕಥೆ ಬೇರೆ. 1800ರ ಸುಮಾರಿಗೆ ಫ್ರಾನ್ಸಿನ ಪೋಶೋನ್ ಎಂಬಾತ ‘ವೆಂಟಿಲೇಟರ್’ ಅನ್ನೋ ಯಂತ್ರ ಮಾಡಿದ. ತೂತುಗಳಿದ್ದ ಲೋಹದ ಪೀಪಾಯಿ, ಪಕ್ಕಕ್ಕೊಂದು ಹಿಡಿ, ಕೆಳಗೆ ಬೆಂಕಿ. ಹಸಿ ಬಟ್ಟೆ ತುಂಬಿ ಕೈಯಲ್ಲಿ ತಿರುಗಿಸ್ತಾ ಕೂರಬೇಕು. ಬಟ್ಟೆ ಒಣಗ್ತಿತ್ತು, ಜೊತೆಗೆ ಹೊಗೆ ವಾಸನೆಯೂ ಹತ್ತುತ್ತಿತ್ತು. ಬೆಂಕಿ ಮತ್ತು ಬಟ್ಟೆ ಒಂದೇ ಕಡೆ ಇದ್ದರೆ ಹೊಗೆ ಎಲ್ಲಿಗೆ ಹೋಗಬೇಕು ಅನ್ನೋ ಪ್ರಶ್ನೆ ಅವತ್ತೇ ಹುಟ್ಟಿತ್ತು.

1832ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಕಾಲರಾ ಬಂತು. ಕಿಟ್ಟಿ ವಿಲ್ಕಿನ್ಸನ್ ಎಂಬ ಬಡ ಹೆಂಗಸಿನ ಮನೆಯಲ್ಲಿ ನೀರು ಕಾಯಿಸುವ ಹಂಡೆಯಿತ್ತು. ಆಕೆ ನೆರೆಹೊರೆಯವರನ್ನು ಕರೆದು, ರೋಗಿಗಳ ಬಟ್ಟೆ ಹಾಸಿಗೆಗಳನ್ನು ಇಲ್ಲೇ ಒಗೀರಿ ಅಂದಳು. ಅದರಿಂದ ಜನರಿಗಾದ ಉಪಯೋಗ ನೋಡಿ 1842ರಲ್ಲಿ ನಗರಾಡಳಿತವೇ ಸಾರ್ವಜನಿಕ ಒಗೆಯುವ ಮನೆ ತೆರೆಯಿತು. 1846ರಲ್ಲಿ ಸ್ನಾನಗೃಹ ಮತ್ತು ಒಗೆಯುವ ಮನೆಗಳಿಗಾಗಿ ಸಂಸತ್ತು ಕಾಯಿದೆಯನ್ನೇ ಮಾಡಿತು. ಇಂಥ ಮನೆಗಳಲ್ಲಿ ಒಣಗಿಸೋಕೆ ಬಿಸಿಗಾಳಿಯ ಕೋಣೆಗಳಿದ್ದವು. ಬಟ್ಟೆ ಹರವಿದ ಎತ್ತರದ ಕಬ್ಬಿಣದ ಚೌಕಟ್ಟನ್ನು ಡ್ರಾಯರಿನ ಹಾಗೆ ಒಳಗೆ ತಳ್ಳೋದು, ಒಣಗಿದ ಮೇಲೆ ಎಳೆಯೋದು. ಆ ಚೌಕಟ್ಟಿಗೆ ‘ಕುದುರೆ’ ಅಂತಲೇ ಹೆಸರು.

ಬಟ್ಟೆ ಒಣಗಿಸುವ ಬೆಂಕಿ ಕೋರ್ಟು ಹತ್ತಿದ್ದು ಮಾತ್ರ ಅಮೆರಿಕದಲ್ಲಿ.

ಆಗಿನ ಸ್ಯಾನ್ ಫ್ರಾನ್ಸಿಸ್ಕೊ ಮರದ ಊರು. ಹತ್ತರಲ್ಲಿ ಒಂಬತ್ತು ಮನೆ ಮರದ್ದು. ಊರಲ್ಲಿ ಸುಮಾರು 320 ಲಾಂಡ್ರಿಗಳಿದ್ದವು, ಅದರಲ್ಲಿ 240ರಷ್ಟು ಚೀನಾದಿಂದ ಬಂದವರದು. 1880ರಲ್ಲಿ ನಗರಾಡಳಿತ ಒಂದು ನಿಯಮ ತಂತು: ಇಟ್ಟಿಗೆ ಅಥವಾ ಕಲ್ಲಿನ ಕಟ್ಟಡ ಅಲ್ಲದಿದ್ದರೆ, ಲಾಂಡ್ರಿ ನಡೆಸೋಕೆ ಮೇಲ್ವಿಚಾರಕರ ಮಂಡಳಿಯ ಅನುಮತಿ ಬೇಕು. ಬಟ್ಟೆ ಒಣಹಾಕೋಕೆ ಚಾವಣಿ ಮೇಲೆ ಅಟ್ಟಣಿಗೆ ಕಟ್ಟುವುದಕ್ಕೂ ಅನುಮತಿ ಬೇಕು. ಕಾಗದದ ಮೇಲೆ ನೋಡಿದರೆ ಒಳ್ಳೆ ನಿಯಮವೇ. ಮರದ ಮನೆ, ಒಳಗೆ ಒಲೆ, ಸುತ್ತ ಬಟ್ಟೆ. ಹೆದರಬೇಕಾದದ್ದೇ.

ಯಿಕ್ ವೋ ಅನ್ನೋ ಲಾಂಡ್ರಿಯ ಮಾಲೀಕ ಅದೇ ಕಟ್ಟಡದಲ್ಲಿ 22 ವರ್ಷದಿಂದ ಬಟ್ಟೆ ಒಗೀತಿದ್ದ. ಅಗ್ನಿ ತಪಾಸಣೆಯವರು 1884ರಲ್ಲಿ ಬಂದು ನೋಡಿದ್ದರು. ಒಲೆ, ಒಗೆಯುವ ಮತ್ತು ಒಣಗಿಸುವ ಸಲಕರಣೆ, ಇಸ್ತ್ರಿಪೆಟ್ಟಿಗೆ ಕಾಯಿಸುವ ವ್ಯವಸ್ಥೆ ಎಲ್ಲ ಸರಿಯಾಗಿದೆ, ಅಕ್ಕಪಕ್ಕದವರಿಗೆ ಬೆಂಕಿಯ ಭಯ ಇಲ್ಲ ಅಂತ ಬರೆದೂ ಕೊಟ್ಟಿದ್ದರು. ಆದರೂ ಮರುವರ್ಷ ಮಂಡಳಿ ಅವನ ಅರ್ಜಿ ತಿರಸ್ಕರಿಸಿತು. ಅವನೊಬ್ಬನದೇ ಅಲ್ಲ, ಇನ್ನೂರು ಚೀನೀಯರ ಅರ್ಜಿಯೂ ಹಾಗೇ ಹೋಯ್ತು. ಅಂಥದ್ದೇ ಮರದ ಕಟ್ಟಡಗಳಲ್ಲಿದ್ದ ಎಂಬತ್ತು ಚಿಲ್ಲರೆ ಬಿಳಿಯರ ಲಾಂಡ್ರಿಗಳು ಮಾತ್ರ ಆರಾಮಾಗಿ ನಡೀತಿದ್ದವು. ಅನುಮತಿ ಇಲ್ಲದೆ ಅಂಗಡಿ ತೆರೆದದ್ದಕ್ಕೆ ನಮ್ಮ ಒಗೆಯುವವನಿಗೆ ಹತ್ತು ಡಾಲರ್ ದಂಡ. ಕಟ್ಟದಿದ್ದರೆ ಡಾಲರಿಗೊಂದು ದಿನ ಜೈಲು. ಆತ ದಂಡ ಕಟ್ಟಲಿಲ್ಲ, ಜೈಲಿಗೆ ಹೋದ.

ಚೀನೀ ಲಾಂಡ್ರಿಯವರ ಸಂಘ ವಕೀಲರನ್ನಿಟ್ಟು ಕೇಸನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತು. 1886ರ ಮೇ 10ರಂದು ತೀರ್ಪು. ನ್ಯಾಯಮೂರ್ತಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಬರೆದ ಆ ತೀರ್ಪಿನ ಸಾರ ಇಷ್ಟು: ನಿಯಮದಲ್ಲಿ ಜಾತಿ ದೇಶದ ಹೆಸರಿಲ್ಲದೇ ಇರಬಹುದು, ಆದರೆ ಅದನ್ನು ಜಾರಿ ಮಾಡುವವರು ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದರೆ ಅದು ಸಮಾನತೆಯ ಉಲ್ಲಂಘನೆಯೇ. ನಮಗೂ ಇದು ದೂರದ ಮಾತಲ್ಲ. ಸಂವಿಧಾನದ 14ನೇ ವಿಧಿಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟು 1952ರಲ್ಲಿ ಕೊಟ್ಟ ಅನ್ವರ್ ಅಲಿ ಸರ್ಕಾರ್ ಪ್ರಕರಣದ ತೀರ್ಪಿನಲ್ಲಿ ಈ ಲಾಂಡ್ರಿ ಕೇಸಿನ ಚರ್ಚೆ ಇದೆ.

ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಅಲ್ಲಿ ಒಲೆಯನ್ನು ನೋಡಿದವರು ಒಬ್ಬರು, ಅನುಮತಿ ಕೊಡುವವರು ಮತ್ತೊಬ್ಬರು. ಒಲೆ ನೋಡಿದವರ ಮಾತಿಗೆ ಬೆಲೆ ಸಿಗಲಿಲ್ಲ. ಸುರಕ್ಷತೆಯ ನಿಯಮ ಒಲೆ ಬಿಟ್ಟು ಮುಖ ನೋಡೋಕೆ ಶುರು ಮಾಡಿದರೆ, ಆಮೇಲೆ ನಿಯಮ ಅಂದರೇ ಜನಕ್ಕೆ ಸಿಟ್ಟು ಬರುತ್ತೆ, ಅದು ನಿಜವಾಗಿ ಬೇಕಾದ ಕಡೆಯಲ್ಲೂ.

ಹತ್ತು ಡಾಲರಿನ ಇನ್ನೊಂದು ದಂಡ 1905ರದು. ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಲಾಂಡ್ರಿ ಮಾಲೀಕ ಕರ್ಟ್ ಮುಲ್ಲರ್, ಹೆಣ್ಣಾಳಿನಿಂದ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಿದ ಅಂತ. ಈ ಸಲ ದಂಡ ಬಿದ್ದದ್ದು ಧಣಿಗೆ. ಅವನೂ ಸುಪ್ರೀಂ ಕೋರ್ಟಿಗೆ ಹೋದ, 1908ರಲ್ಲಿ ಸೋತ. ರಾಜ್ಯದ ಪರ ವಾದಿಸಿದ ಲೂಯಿ ಬ್ರಾಂಡೈಸ್, ಜೋಸೆಫಿನ್ ಗೋಲ್ಡ್‌ಮಾರ್ಕ್ ಜೊತೆ ಸೇರಿ ನೂರಕ್ಕೂ ಹೆಚ್ಚು ಪುಟದ ವರದಿ ಸಲ್ಲಿಸಿದ್ದ. ಅದರಲ್ಲಿ ಕಾನೂನಿನ ವಾದ ಎರಡೇ ಪುಟ. ಉಳಿದದ್ದೆಲ್ಲ ದೀರ್ಘ ದುಡಿಮೆ ದೇಹಕ್ಕೆ ಏನು ಮಾಡುತ್ತೆ ಅನ್ನೋ ವಿವರ. ‘ಹೆಂಗಸರು ದುರ್ಬಲರು’ ಅನ್ನೋ ಆ ವಾದದ ಧಾಟಿ ಇವತ್ತು ಕಿರಿಕಿರಿ ಮಾಡುತ್ತೆ, ನಿಜ. ಆದರೂ ಲಾಂಡ್ರಿಯೊಳಗೆ ನಿಂತವರ ಮೈಗೆ ಏನಾಗ್ತಿದೆ ಅಂತ ಕೋರ್ಟು ಕೇಳಿಸಿಕೊಂಡಿತು.

ಇತ್ತ ಯಂತ್ರಗಳೂ ಬದಲಾದವು. ಡೇಟನ್ ಊರಿನ ಆಫ್ರಿಕನ್ ಅಮೆರಿಕನ್ ಸಂಶೋಧಕ ಜಾರ್ಜ್ ಸ್ಯಾಂಪ್ಸನ್ 1892ರಲ್ಲಿ, ಒಲೆಯ ಹತ್ತಿರ ಬಟ್ಟೆ ತೂಗುಹಾಕುವ ಚೌಕಟ್ಟಿಗೆ ಪೇಟೆಂಟ್ ಪಡೆದ. ಉತ್ತರ ಡಕೋಟಾದ ಜೆ. ರಾಸ್ ಮೂರ್, ಕೊರೆಯುವ ಚಳಿಯಲ್ಲಿ ಹೊರಗೆ ಬಟ್ಟೆ ಒಣಹಾಕೋ ಕಷ್ಟ ನೋಡಿ ತಿರುಗುವ ಡ್ರೈಯರ್ ರೂಪಿಸಿದ. ವಿಸ್ಕಾನ್ಸಿನ್‌ನ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಅದನ್ನು ‘ಜೂನ್ ಡೇ’ ಅಂತ ಮಾರುಕಟ್ಟೆಗೆ ಬಿಟ್ಟಿತು. ಬಾಗಿಲಿಗೆ ಗಾಜಿನ ಕಿಟಕಿ ಇಡಿಸಿದ್ದು ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್. ಕಿಟಕಿಯಲ್ಲಿ ಬಟ್ಟೆ ಕುಣಿಯೋದು ಕಾಣಿಸ್ತು. ಬೆಂಕಿ ಮಾತ್ರ ಪೆಟ್ಟಿಗೆಯೊಳಗೆ ಮರೆಯಾಯ್ತು. ಹೊಗೆಗೂಡು ಹೋಗಿ ಅದರ ಜಾಗಕ್ಕೆ, ಹಿಂಬದಿಯಲ್ಲಿ ಯಾರೂ ನೋಡದ ಪೈಪು ಬಂತು.

ಆ ಪೈಪಿನ ಕೆಲಸ ಏನು? ಒಂದು ಸಣ್ಣ ಲೆಕ್ಕ ಹಾಕೋಣ. 20 ಕಿಲೋ ಹತ್ತಿ ಬಟ್ಟೆಯನ್ನು ಎಷ್ಟೇ ಚೆನ್ನಾಗಿ ಹಿಂಡಿದರೂ ಹತ್ತು ಲೀಟರ್ ಆಸುಪಾಸು ನೀರು ಉಳಿದಿರುತ್ತೆ. ಅಂದರೆ ಹೆಚ್ಚುಕಮ್ಮಿ ಒಂದು ಬಿಂದಿಗೆ. ಅಷ್ಟೂ ನೀರು ಆವಿಯಾಗಿ ಹೊರಗೆ ಹೋಗಬೇಕು. ಅದರ ಜೊತೆಗೆ ಬಟ್ಟೆಯಿಂದ ಉದುರುವ ನವಿರಾದ ಹತ್ತಿಯ ಎಳೆ, ಲಿಂಟ್ ಅಂತಾರಲ್ಲ, ಅದೂ ಹೋಗಬೇಕು. ಜಾಲರಿ ಸ್ವಲ್ಪ ಹಿಡಿಯುತ್ತೆ, ಉಳಿದದ್ದು ಪೈಪಿಗೆ. ದೀಪದ ಬತ್ತಿಯೂ ಹತ್ತಿಯೇ ಅನ್ನೋದು ನೆನಪಿರಲಿ.

ಪೈಪಿನ ಅಗಲ ಅರ್ಧಕ್ಕಿಳಿದರೆ ದಾರಿ ಅರ್ಧ ಆಗಲ್ಲ, ಕಾಲು ಭಾಗಕ್ಕಿಳಿಯುತ್ತೆ. ನಮ್ಮ ಬೀದಿಯ ಅಂಗಡಿಯಲ್ಲಿ ಆಗಿದ್ದು ಇದೇ. ಗಾಳಿ ನಿಧಾನವಾದರೆ ಲಿಂಟ್ ಮಡಿಕೆಗಳಲ್ಲಿ ಕೂರುತ್ತೆ. ಕೂತಷ್ಟೂ ಗಾಳಿ ಇನ್ನೂ ನಿಧಾನ, ಒಣಗೋಕೆ ಇನ್ನೂ ಹೊತ್ತು, ಒಳಗೆ ಇನ್ನೂ ಕಾವು. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಅಂಕಿಅಂಶ ನೋಡಿ, ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳಾಗುತ್ತವೆ ಅಂತ ಅಂದಾಜು ಮಾಡಿತು. ಮೊದಲ ಕಾರಣ, ಕ್ಲೀನ್ ಮಾಡದೇ ಬಿಟ್ಟದ್ದು.

ಹಾಗಾಗಿ ನಿಯಮಗಳು ಒಂದೊಂದಾಗಿ ಬಂದವು. ಓದೋಕೆ ಬೋರು, ಆದರೆ ಪ್ರತಿಯೊಂದಕ್ಕೂ ಕಾರಣ ಇದೆ. ಪೈಪು ಒಳಮೈ ನುಣುಪಾದ ಗಟ್ಟಿ ತಗಡಿನದ್ದಾಗಿರಬೇಕು. ಸ್ಕ್ರೂ ತುದಿ ಒಳಗೆ ಚಾಚಬಾರದು, ಲಿಂಟ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಹೊರಬಾಯಿಗೆ ಇಲಿ ಬರುತ್ತೆ ಅಂತ ಸಣ್ಣ ಜಾಲರಿ ಹಾಕಬಾರದು, ವಾರದಲ್ಲಿ ಕಟ್ಟಿಕೊಳ್ಳುತ್ತೆ. ಒಳಗಿನ ಗಾಳಿಗೆ ತೆರೆದುಕೊಳ್ಳುವ ಮುಚ್ಚಳ ಸಾಕು. ಅಮೆರಿಕದ ಮನೆಗಳ ಸಂಹಿತೆ ಪೈಪಿನ ಉದ್ದವನ್ನು 35 ಅಡಿಗೆ ಮಿತಿಗೊಳಿಸಿ, ಪ್ರತಿ ಸಾದಾ ಲಂಬ ತಿರುವಿಗೆ 5 ಅಡಿ ಕಳೆಯುತ್ತೆ. ಅಂಗಡಿಯ ದೊಡ್ಡ ಮಷೀನುಗಳಿಗೆ ಅಗಲ, ಉದ್ದ, ತಿರುವು ಎಲ್ಲ ತಯಾರಕರ ಕೈಪಿಡಿಯಲ್ಲಿರುತ್ತೆ. ಅದನ್ನು ಮೀರೋ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಪೈಪು ಕಟ್ಟಡದಿಂದ ಹೊರಗೇ ಮುಗಿಯಬೇಕು. ಸೀಲಿಂಗಿನೊಳಗೆ ಅಲ್ಲ, ಅಟ್ಟದಲ್ಲಿ ಅಲ್ಲ, ಅಡುಗೆ ಒಲೆಯ ಹೊಗೆಕೊಳವೆಗೆ ಸೇರಿಸಿಯೂ ಅಲ್ಲ.

ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೂಬೇಕು. ಎಸಿ ಹಾಕಿ ಕಿಟಕಿ ಬಾಗಿಲು ಬಿಗಿ ಮಾಡಿದ ಅಂಗಡಿಯಲ್ಲಿ ಡ್ರೈಯರ್ ಗಾಳಿಗಾಗಿ ಎಲ್ಲ ಸಂದಿಗಳಿಂದ ಎಳೆಯುತ್ತೆ. ಪಕ್ಕದ ಗ್ಯಾಸ್ ಗೀಸರಿನ ಹೊಗೆಯನ್ನೂ ವಾಪಸ್ ಒಳಕ್ಕೆಳೆಯಬಹುದು. ಡ್ರೈಯರೇ ಗ್ಯಾಸಿನದ್ದಾಗಿ, ಪೈಪು ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಕಿಟಕಿಯಿಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್ ಸಾವುಗಳ ಸುದ್ದಿ ಓದಿರ್ತೀರಲ್ಲ, ಅದೇ ವಿಷ. ಹಳೆ ಮನೆ ಕಟ್ಟಿದ ನಮ್ಮ ಅಜ್ಜಂದಿರು ಅಡುಗೆಮನೆಗೆ ಗವಾಕ್ಷಿ ಇಡದೆ ಒಲೆ ಹೂಡುತ್ತಿರಲಿಲ್ಲ.

ಇನ್ನೊಂದು, ಸ್ಪಾ ಮತ್ತು ಹೋಟೆಲಿನ ಎಣ್ಣೆ ಬಟ್ಟೆ. ಅಡುಗೆ ಎಣ್ಣೆ, ಮಸಾಜ್ ಎಣ್ಣೆ ಒಗೆದರೂ ಪೂರ್ತಿ ಹೋಗಲ್ಲ. ಬಿಸಿ ಬಿಸಿ ಟವೆಲ್ ತೆಗೆದು ಹಾಗೇ ರಾಶಿ ಹಾಕಿದರೆ, ಉಳಿದ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನೇ ಕಾವೇರುತ್ತೆ. ರಾಶಿಯ ಒಳಗಿನ ಕಾವಿಗೆ ಹೋಗೋಕೆ ದಾರಿಯಿಲ್ಲ. ಗಂಟೆಗಳಾದ ಮೇಲೆ, ಅಂಗಡಿ ಮುಚ್ಚಿದ ಮೇಲೆ, ಬೆಂಕಿ ಹೊತ್ತಬಹುದು. ಡ್ರೈಯರಿನ ಕೊನೆಯ ಕೆಲವು ನಿಮಿಷ ಬರೀ ತಣ್ಣನೆ ಗಾಳಿಯಲ್ಲಿ ತಿರುಗೋದು ಅದಕ್ಕೇ. ಅವಸರಕ್ಕೆ ನಡುವೆ ನಿಲ್ಲಿಸಿ ಬಟ್ಟೆ ತೆಗೀಬಾರದು.

ಮರುದಿನ ಹೋಗಿ ಲಾಂಡ್ರಿ ಮಾಲೀಕರ ಹತ್ತಿರ ಮಾತಾಡಿದೆ. ‘ನಾಲ್ಕು ವರ್ಷದಿಂದ ನಡೀತಿದೆ ಸಾರ್, ಏನೂ ಆಗಿಲ್ಲ’ ಅಂದರು. ‘ಪರ್ಮಿಷನ್ನು ಅಂತ ಬಂದವರು ಕಾಗದ ನೋಡಿದ್ರು, ಬೋರ್ಡು ಅಳತೆ ಮಾಡಿದ್ರು. ಪೈಪು ಯಾರೂ ಕೇಳಲಿಲ್ಲ.’ ನನಗೆ ಯಿಕ್ ವೋ ನೆನಪಾದ. ಅಲ್ಲಿ ಸರಿಯಿದ್ದ ಒಲೆಗೆ ಅನುಮತಿ ಸಿಗಲಿಲ್ಲ, ಇಲ್ಲಿ ಸರಿಯಿಲ್ಲದ ಪೈಪಿಗೆ ಸಿಕ್ಕಿಬಿಟ್ಟಿದೆ. ಸುರಕ್ಷತೆಯ ಮಾತಿಗೆ ಅವರು ಬಗ್ಗಲಿಲ್ಲ. ‘ಪೈಪು ಸರಿ ಇದ್ದರೆ ಬಟ್ಟೆ ಬೇಗ ಒಣಗುತ್ತೆ, ಗ್ಯಾಸು ಉಳಿಯುತ್ತೆ’ ಅಂದಾಗ ಮಾತ್ರ ತಲೆ ಎತ್ತಿದರು. ಹುಡುಗ ಎಲ್ಲಿ ಮಲಗ್ತಾನೆ ಅಂತಲೂ ಕೇಳಿದೆ. ಉತ್ತರ ಕೊಡಲಿಲ್ಲ.

ಮೂರು ವಾರ ಬಿಟ್ಟು ಹೋದೆ. ಹಿಂದಿನ ಗೋಡೆ ಒಡೆದು, ಎಂಟಿಂಚಿನ ತಗಡಿನ ಪೈಪು ನೇರವಾಗಿ ಹೊರಗೆ ಬಿಟ್ಟಿದ್ದರು. ಸೀದ ವಾಸನೆ ಇರಲಿಲ್ಲ. ಹುಡುಗ ಇನ್ನೂ ಅಟ್ಟದಲ್ಲೇ ಮಲಗ್ತಾನೆ. ‘ಈಗ ಥಂಡಿ ಆಗತೈತ್ರಿ ಅಣ್ಣಾ’ ಅಂತ ನಕ್ಕ. ಹಿಂದಿನ ಓಣಿಗೆ ಹೋಗಿ ನೋಡಿದೆ. ಪೈಪಿನ ಬಾಯಿ ಕೆಳಗೆ, ಒದ್ದೆ ಗೋಡೆಗೆ ಅಂಟಿಕೊಂಡು ಬೂದು ಬಣ್ಣದ ಹತ್ತಿ, ಒಂದು ಅಂಗೈ ದಪ್ಪ. ಬರೀ ಮೂರು ವಾರದ್ದು. ನಾಲ್ಕು ವರ್ಷದ್ದು ಇನ್ನೂ ಅಟ್ಟದಲ್ಲೇ ಇರಬೇಕು ಅನ್ನಿಸಿ ವಾಪಸ್ ಅಂಗಡಿಯೊಳಗೆ ಹೋದೆ. ಏಣಿ ಕೇಳಿ, ಇಬ್ಬರೂ ಸೇರಿ ಸೀಲಿಂಗಿನ ಹಲಗೆ ತೆಗೆದೆವು. ಅವತ್ತು ಹೊರಗೆ ತೆಗೆದು ಹಾಕಿದ್ದು ನಾಲ್ಕು ಗೋಣಿಚೀಲ.