ಜೈವಿಕ ನೀತಿಶಾಸ್ತ್ರದ ವಿದ್ವತ್ ಪ್ರಕಟಣೆ

ಜೈವಿಕ ನೀತಿಶಾಸ್ತ್ರದ ವಿದ್ವತ್ ಪ್ರಕಟಣೆ ಎಂದರೆ ವೈದ್ಯಕೀಯ, ಜೀವವಿಜ್ಞಾನ ಹಾಗೂ ಸಾರ್ವಜನಿಕ ಆರೋಗ್ಯ ಕ್ಷೇತ್ರಗಳಲ್ಲಿ ಉದ್ಭವಿಸುವ ನೈತಿಕ ಪ್ರಶ್ನೆಗಳನ್ನು ಕುರಿತ ಲೇಖನ, ಪ್ರಕರಣ ವಿಶ್ಲೇಷಣೆ, ವ್ಯಾಖ್ಯಾನ ಮತ್ತು ಗ್ರಂಥಗಳನ್ನು ವಿಷಯತಜ್ಞರ ಪರಿಶೀಲನೆಗೆ ಒಳಪಡಿಸಿ ಪ್ರಕಟಿಸುವ ಕಾರ್ಯ. ಮನುಷ್ಯರ ಮೇಲೆ ನಡೆದ ಸಂಶೋಧನೆಯ ವರದಿಗಳನ್ನು ಪ್ರಕಟಿಸುವಾಗ ಲೇಖಕರೂ ಸಂಪಾದಕರೂ ಪಾಲಿಸಬೇಕಾದ ನಿಯಮಗಳು ಸಹ ಇದರ ವ್ಯಾಪ್ತಿಗೆ ಸೇರುತ್ತವೆ. ಭಾರತದಲ್ಲಿ ಈ ಬಗೆಯ ಬರವಣಿಗೆಯ ಬಹುಪಾಲು ಇಂಗ್ಲಿಷಿನಲ್ಲಿದೆ. ಕರ್ನಾಟಕದಲ್ಲಿ ಬೆಂಗಳೂರು ಇದರ ಮುಖ್ಯ ಕೇಂದ್ರವಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ 1947ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆಯು ಸಂಶೋಧನೆಗೆ ಒಳಗಾಗುವ ವ್ಯಕ್ತಿಯ ಸ್ವಯಂಪ್ರೇರಿತ ಒಪ್ಪಿಗೆಯನ್ನು ಮೊದಲ ಷರತ್ತಾಗಿ ಮುಂದಿಟ್ಟಿತು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘವು ಹೆಲ್ಸಿಂಕಿ ಘೋಷಣೆಯನ್ನು ಅಂಗೀಕರಿಸಿತು. ಆದರೆ ಸಂಹಿತೆಗಳು ಜಾರಿಯಲ್ಲಿದ್ದ ಮಾತ್ರಕ್ಕೆ ನಿಯತಕಾಲಿಕೆಗಳು ಎಚ್ಚೆತ್ತುಕೊಂಡವು ಎಂದು ಹೇಳುವಂತಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ ಮೇಹರೋಗ ಪೀಡಿತ ಕಪ್ಪು ಜನಾಂಗದ ಬಡ ಗಂಡಸರಿಗೆ ಚಿಕಿತ್ಸೆ ನೀಡದೆ 1932ರಿಂದ 1972ರವರೆಗೆ ರೋಗದ ಗತಿಯನ್ನಷ್ಟೇ ಗಮನಿಸಲಾಯಿತು. ಇದೇನೂ ಗುಟ್ಟಾಗಿ ನಡೆದ ಅಧ್ಯಯನವಲ್ಲ. 1936ರಿಂದ ಅದರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಲೇ ಇದ್ದವು. ಅದನ್ನು ನಿಲ್ಲಿಸಿದ್ದು ವಿದ್ವತ್ ಪತ್ರಿಕೆಯಲ್ಲ, ದಿನಪತ್ರಿಕೆಯ ವರದಿ.

ಹೆನ್ರಿ ಬೀಚರ್ ಎಂಬ ಅರಿವಳಿಕೆ ತಜ್ಞರು 1966ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನವು ಈ ಕ್ಷೇತ್ರದ ತಿರುವೆನಿಸಿದೆ. ನೈತಿಕವಾಗಿ ಆಕ್ಷೇಪಾರ್ಹವಾದ 22 ಅಧ್ಯಯನಗಳನ್ನು ಅವರು ವಿವರಿಸಿದರು. ಅವನ್ನು ನಡೆಸಿದವರ ಹೆಸರುಗಳನ್ನು ಮಾತ್ರ ಹೇಳಲಿಲ್ಲ; ದೋಷವು ವ್ಯಕ್ತಿಗಳದ್ದಲ್ಲ, ಇಡೀ ವೃತ್ತಿಯದ್ದು ಎಂಬುದನ್ನು ತೋರಿಸುವುದು ಅವರ ಉದ್ದೇಶವಾಗಿತ್ತು. ಅನಂತರ 1971ರಲ್ಲಿ ಹೇಸ್ಟಿಂಗ್ಸ್ ಸೆಂಟರ್ ರಿಪೋರ್ಟ್, 1975ರಲ್ಲಿ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್ ಆರಂಭವಾಗಿ, ಜೈವಿಕ ನೀತಿಶಾಸ್ತ್ರಕ್ಕೆ ತನ್ನದೇ ಆದ ಪತ್ರಿಕೆಗಳು ದೊರೆತವು.

ಭಾರತದಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮಾನವರ ಮೇಲಿನ ಸಂಶೋಧನೆಯ ಬಗ್ಗೆ 1980ರಲ್ಲಿ ನೀತಿ ಹೇಳಿಕೆಯನ್ನೂ 2000ದಲ್ಲಿ ವಿಸ್ತೃತ ಮಾರ್ಗಸೂಚಿಯನ್ನೂ ಹೊರತಂದಿತು. 2006 ಮತ್ತು 2017ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಯಿತು.

ಪತ್ರಿಕೆಯ ಚರಿತ್ರೆ ಮುಂಬಯಿಯಲ್ಲಿ ಆರಂಭವಾಗುತ್ತದೆ. ವೃತ್ತಿಯೊಳಗಿನ ಅನೀತಿಯಿಂದ ಬೇಸತ್ತ ಕೆಲವು ವೈದ್ಯರು ಫೋರಂ ಫಾರ್ ಮೆಡಿಕಲ್ ಎಥಿಕ್ಸ್ ಸೊಸೈಟಿಯ ಮೂಲಕ 1993ರಲ್ಲಿ ಮೆಡಿಕಲ್ ಎಥಿಕ್ಸ್ ಎಂಬ ಕಿರುಪತ್ರಿಕೆಯನ್ನು ಆರಂಭಿಸಿದರು. ನರಶಸ್ತ್ರಚಿಕಿತ್ಸಕ ಸುನಿಲ್ ಪಂಡ್ಯ ಅದರ ಮೊದಲ ಸಂಪಾದಕರು. ಹೆಸರು ಬದಲಾಗುತ್ತ ಬಂದ ಈ ಪತ್ರಿಕೆ 2004ರಿಂದ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್ ಎನಿಸಿಕೊಂಡಿದೆ. ಇದನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ವೈದ್ಯರಲ್ಲದೆ ವಕೀಲರು, ಸಮಾಜವಿಜ್ಞಾನಿಗಳು, ಆರೋಗ್ಯ ಕಾರ್ಯಕರ್ತರು ಸಹ ಇದರಲ್ಲಿ ಬರೆಯುತ್ತ ಬಂದಿದ್ದಾರೆ. ಈ ಅಂಶವೇ ಅದನ್ನು ಸಾಮಾನ್ಯ ವೈದ್ಯಕೀಯ ಪತ್ರಿಕೆಗಳಿಂದ ಪ್ರತ್ಯೇಕಿಸುತ್ತದೆ.

ಇಂತಹ ಪತ್ರಿಕೆ ಏಕೆ ಬೇಕು ಎಂಬುದಕ್ಕೆ 2014ರ ಒಂದು ಪ್ರಕರಣ ಸಾಕ್ಷಿ. ಮುಂಬಯಿ, ಉಸ್ಮಾನಾಬಾದ್ ಮತ್ತು ದಿಂಡಿಗಲ್‌ಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಕುರಿತ ದೊಡ್ಡ ಪ್ರಯೋಗಗಳು ನಡೆದಿದ್ದವು. ಅವುಗಳ ಫಲಿತಾಂಶಗಳು ಪ್ರತಿಷ್ಠಿತ ಪತ್ರಿಕೆಗಳಲ್ಲಿ ಬಂದಿದ್ದವು. ತಪಾಸಣೆ ಪಡೆಯದ ಗುಂಪುಗಳಲ್ಲಿ ಇರಿಸಲಾಗಿದ್ದ 1,38,624 ಮಹಿಳೆಯರ ಪೈಕಿ 254 ಮಂದಿ ಅದೇ ಕ್ಯಾನ್ಸರಿನಿಂದ ಮರಣ ಹೊಂದಿದ್ದಾರೆಂಬುದನ್ನು ಎರಿಕ್ ಸೂಬಾ ಅವರ ಲೇಖನವು ಈ ಪತ್ರಿಕೆಯಲ್ಲಿ ಎತ್ತಿ ತೋರಿಸಿತು. ತಪಾಸಣೆಯಿಂದ ಪ್ರಯೋಜನವಿದೆಯೆಂದು ಮೊದಲೇ ತಿಳಿದಿರುವಾಗ ಅಂತಹ ಗುಂಪನ್ನು ಇರಿಸಿಕೊಳ್ಳುವುದು ಸರಿಯೇ ಎಂಬುದು ಪ್ರಶ್ನೆ. ಈ ಲೇಖನ ಪರ-ವಿರೋಧದ ಚರ್ಚೆಗೆ ಎಡೆಮಾಡಿತು. ಗಮನಿಸಬೇಕಾದುದೆಂದರೆ, ಸಾವುಗಳ ಅಂಕಿಗಳು ಬಚ್ಚಿಟ್ಟವಾಗಿರಲಿಲ್ಲ. ಪ್ರಶ್ನೆ ಕೇಳುವವರು ಬೇಕಾಗಿದ್ದರು.

ವೈದ್ಯಕೀಯ ಪ್ರಯೋಗಗಳನ್ನು ಆರಂಭಕ್ಕೆ ಮುನ್ನವೇ ನೋಂದಾಯಿಸದಿದ್ದರೆ ಫಲಿತಾಂಶವನ್ನು ಪ್ರಕಟಿಸುವುದಿಲ್ಲವೆಂದು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕಾ ಸಂಪಾದಕರ ಸಮಿತಿ 2004ರಲ್ಲಿ ಸಾರಿತು. ಅನನುಕೂಲ ಫಲಿತಾಂಶಗಳನ್ನು ಮುಚ್ಚಿಹಾಕುವ ರೂಢಿಗೆ ಇದರಿಂದ ತಡೆ ಬಿದ್ದಿತು. ಭಾರತದ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐ 2007ರ ಜುಲೈ 20ರಂದು ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯವಾಯಿತು.

ಕರ್ನಾಟಕದಲ್ಲಿ

ಐಸಿಎಂಆರ್‌ನ ಜೈವಿಕ ನೀತಿ ಘಟಕವು ಬೆಂಗಳೂರಿನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದಲ್ಲಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ನೀತಿಯ ಬೋಧನೆ ದಶಕಗಳಿಂದ ನಡೆದುಬಂದಿದೆ. ಎರಡನೆಯ ರಾಷ್ಟ್ರೀಯ ಜೈವಿಕ ನೀತಿ ಸಮ್ಮೇಳನ 2007ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. 2018ರ ಡಿಸೆಂಬರಿನಲ್ಲಿ ಹದಿನಾಲ್ಕನೆಯ ವಿಶ್ವ ಜೈವಿಕ ನೀತಿ ಸಮ್ಮೇಳನಕ್ಕೆ ಸೇಂಟ್ ಜಾನ್ಸ್ ಆವರಣವೇ ಆತಿಥ್ಯ ನೀಡಿತು. 1932ರಿಂದ ಬೆಂಗಳೂರಿನಿಂದ ಪ್ರಕಟವಾಗುತ್ತಿರುವ ಕರೆಂಟ್ ಸೈನ್ಸ್ ಪತ್ರಿಕೆಯು ಪ್ರಕಟಣಾ ನೀತಿಯ ಚರ್ಚೆಗೆ ಆಗಾಗ್ಗೆ ಎಡೆ ಕೊಟ್ಟಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಅಂದಿನ ಅನುಮೋದಿತ ಪತ್ರಿಕೆಗಳ ಪಟ್ಟಿಯನ್ನು ಪರಿಶೀಲಿಸಿ, ವಿಶ್ವವಿದ್ಯಾಲಯಗಳು ಸೂಚಿಸಿದ್ದ ಪತ್ರಿಕೆಗಳಲ್ಲಿ ಪರೀಕ್ಷೆಗೆ ಒಳಗಾದ ಬಹುಪಾಲು ಕಳಪೆ ಗುಣಮಟ್ಟದವೆಂದು ತೋರಿಸಿದ ಅಧ್ಯಯನ 2018ರಲ್ಲಿ ಅದರಲ್ಲಿಯೇ ಬಂದಿತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಇಂತಹ ಹುಸಿ ಪತ್ರಿಕೆಗಳು ಬೆಳೆಯಲು ಬಡ್ತಿಗೆ ಪ್ರಕಟಣೆಗಳ ಸಂಖ್ಯೆಯನ್ನು ಎಣಿಸುವ ಪದ್ಧತಿಯೂ ಒಂದು ಕಾರಣ.

ಗುರುತಿನ ಗೋಪ್ಯತೆ

ಪ್ರಕರಣ ವರದಿಗಳಲ್ಲಿ ರೋಗಿಯ ಹೆಸರನ್ನು ಕೈಬಿಡುವುದು ಸಾಮಾನ್ಯ ನಿಯಮ. ಗ್ರಾಮೀಣ ಪ್ರದೇಶದಲ್ಲಿ ಇಷ್ಟೇ ಸಾಲದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾಯಿ ಕೀಳುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರೊಬ್ಬರ ವಯಸ್ಸು, ಊರು ಮತ್ತು ಆಸ್ಪತ್ರೆಗೆ ಸೇರಿದ ತಿಂಗಳನ್ನು ಬರೆದರೆ, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತರುವ ಸುತ್ತಲಿನ ಊರಿನವರಿಗೆ ಅವರು ಯಾರೆಂಬುದು ಕೂಡಲೇ ತಿಳಿಯುತ್ತದೆ. ಅದೇ ವರದಿಯಲ್ಲಿ ಅವರ ಮದ್ಯಸೇವನೆ, ಮಾನಸಿಕ ಕಾಯಿಲೆ ಅಥವಾ ಎಚ್‌ಐವಿ ಸೋಂಕಿನ ಉಲ್ಲೇಖವಿದ್ದರೆ ಮನೆಯ ಹೆಣ್ಣುಮಕ್ಕಳ ಮದುವೆಯವರೆಗೂ ಅದರ ಪರಿಣಾಮ ಮುಟ್ಟಬಹುದು. ಆದಕಾರಣ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಬೇರೆ, ಪ್ರಕಟಣೆಗೆ ಕೊಡುವ ಒಪ್ಪಿಗೆ ಬೇರೆ ಎಂದು ಪರಿಗಣಿಸಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಗಾಬರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಎರಡನೆಯದಕ್ಕೆ ಸಲ್ಲುವುದಿಲ್ಲ.

ಕನ್ನಡದಲ್ಲಿ

ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಇರಬೇಕೆಂದು ಐಸಿಎಂಆರ್ ಮಾರ್ಗಸೂಚಿ ವಿಧಿಸುತ್ತದೆ. ಹೀಗಾಗಿ ಕರ್ನಾಟಕದಲ್ಲಿ ನಡೆಯುವ ಸಂಶೋಧನೆಯ ಒಪ್ಪಿಗೆ ಕನ್ನಡದಲ್ಲಿಯೂ ಅದರ ಫಲಿತಾಂಶ ಇಂಗ್ಲಿಷಿನಲ್ಲಿಯೂ ಇರುವುದು ರೂಢಿಯಾಗಿದೆ. ಒಪ್ಪಿಗೆ ಪತ್ರಗಳ ಕನ್ನಡವೂ ಹಲವೆಡೆ ತೊಡಕಿನದು. ‘ಯಾದೃಚ್ಛಿಕ ಹಂಚಿಕೆ’ ಎಂದರೆ ತಿಳಿಯದವರಿಗೆ ‘ಯಾರಿಗೆ ಯಾವ ಔಷಧ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ’ ಎಂದರೆ ತಿಳಿಯುತ್ತದೆ.

ವೈದ್ಯಕೀಯವನ್ನು ಕನ್ನಡದಲ್ಲಿ ಬರೆಯುವ ಪರಂಪರೆ ದುರ್ಬಲವೇನಲ್ಲ. ಅನುಪಮಾ ನಿರಂಜನ, ಪಿ. ಎಸ್. ಶಂಕರ್, ಸಿ. ಆರ್. ಚಂದ್ರಶೇಖರ್, ನಾ. ಸೋಮೇಶ್ವರ ಮೊದಲಾದ ವೈದ್ಯ ಲೇಖಕರು ಜನಸಾಮಾನ್ಯರಿಗಾಗಿ ವಿಪುಲವಾಗಿ ಬರೆದಿದ್ದಾರೆ. ಆದರೆ ಇದು ಮುಖ್ಯವಾಗಿ ಆರೋಗ್ಯ ಶಿಕ್ಷಣದ ಸಾಹಿತ್ಯ. ತಜ್ಞರ ಪರಿಶೀಲನೆಗೆ ಒಳಪಟ್ಟ ನೀತಿಚರ್ಚೆ ಅದಕ್ಕಿಂತ ಭಿನ್ನವಾದುದು. ಭಾಷೆಗೆ ಆ ಶಕ್ತಿ ಇಲ್ಲವೆಂಬ ವಾದವಂತೂ ನಿಲ್ಲುವುದಿಲ್ಲ: ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು ಭಾರತೀಯ ಕಾವ್ಯಮೀಮಾಂಸೆಯಂತಹ ಶಾಸ್ತ್ರಗ್ರಂಥವನ್ನು ಇದೇ ಭಾಷೆಯಲ್ಲಿ ರಚಿಸಿದ್ದಾರೆ. ಪಾರಿಭಾಷಿಕ ಪದಗಳು ಮಾತ್ರ ಇನ್ನೂ ನೆಲೆಗೊಂಡಿಲ್ಲ. ಈ ಶಾಸ್ತ್ರವನ್ನೇ ಕೆಲವರು ‘ಜೈವಿಕ ನೀತಿಶಾಸ್ತ್ರ’ ಎಂದರೆ ಇತರರು ‘ಜೀವನೀತಿ’ ಎನ್ನುತ್ತಾರೆ. ‘ಪ್ಲಾಸಿಬೊ’ ಎಂಬುದಕ್ಕೆ ‘ಹುಸಿಮದ್ದು’ ಎಂಬ ಪದ ಬಳಕೆಯಲ್ಲಿದೆ.