ಮಾರಲಾಗದ ನೆಲ

ಬಾಸ್ಟನ್ ನಗರ ಬೆಳೆದಂತೆಲ್ಲ ಅದರ ಅಂಚಿನ ಓಕ್ ತೋಪುಗಳು ಸೈಟುಗಳಾಗುತ್ತಿದ್ದ ಕಾಲ. 1890ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಮೂವತ್ತರ ಹರೆಯದ ಉದ್ಯಾನ ವಿನ್ಯಾಸಕಾರ ಪತ್ರಿಕೆಯೊಂದಕ್ಕೆ ಕಾಗದ ಬರೆದ. ಪುಸ್ತಕಗಳನ್ನು ಜನರಿಗಾಗಿ ಗ್ರಂಥಾಲಯ ಕಾಯುತ್ತದೆ, ಚಿತ್ರಗಳನ್ನು ಕಲಾಸಂಗ್ರಹಾಲಯ ಕಾಯುತ್ತದೆ. ಚೆಂದದ ನೆಲವನ್ನು ಕಾಯುವ ಸಂಸ್ಥೆ ಏಕಿರಬಾರದು ಎಂಬುದು ಅವನ ವಾದ. ಮರುವರ್ಷವೇ ಮ್ಯಾಸಚೂಸೆಟ್ಸ್ ಶಾಸನಸಭೆಯ ಒಪ್ಪಿಗೆಯೊಂದಿಗೆ 'ಟ್ರಸ್ಟೀಸ್ ಆಫ್ ಪಬ್ಲಿಕ್ ರಿಸರ್ವೇಷನ್ಸ್' ಹುಟ್ಟಿತು. ಸರ್ಕಾರದ್ದೂ ಅಲ್ಲದ, ಒಬ್ಬ ಧಣಿಯದೂ ಅಲ್ಲದ ಪ್ರಾದೇಶಿಕ ಭೂ ಟ್ರಸ್ಟುಗಳ ಕಥೆ ಶುರುವಾಗುವುದು ಇಲ್ಲಿಂದ. ಎಲಿಯಟ್ ಮಾತ್ರ 37ಕ್ಕೇ ತೀರಿಕೊಂಡ.

ಈ ಮಾದರಿ ಬೇಗನೆ ಸಾಗರ ದಾಟಿತು. 1895ರಲ್ಲಿ ಬ್ರಿಟನ್ನಿನಲ್ಲಿ ಆಕ್ಟೇವಿಯಾ ಹಿಲ್ ಮತ್ತು ಇಬ್ಬರು ಸಂಗಡಿಗರು ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಅದಕ್ಕೆ ಮೊದಲು ಸಿಕ್ಕಿದ್ದು ವೇಲ್ಸ್ ಕರಾವಳಿಯಲ್ಲಿ ಫ್ಯಾನಿ ಟಾಲ್ಬಟ್ ಎಂಬಾಕೆ ಕೊಟ್ಟ ನಾಲ್ಕೂವರೆ ಎಕರೆ ಗುಡ್ಡ. 1907ರ ಕಾಯ್ದೆಯಂತೂ ಟ್ರಸ್ಟಿನ ಇಂಥ ನೆಲವನ್ನು ಪರಭಾರೆ ಮಾಡಲಾಗದ ಆಸ್ತಿಯೆಂದು ಘೋಷಿಸಲು ದಾರಿಮಾಡಿತು.

ಆದರೆ ದಾನಿಗಳನ್ನೇ ಎಷ್ಟೆಂದು ಕಾಯುವುದು? 1955ರಲ್ಲಿ ನ್ಯೂಯಾರ್ಕಿನ ಮಿಯಾನಸ್ ಕಮರಿಯ 60 ಎಕರೆ ಕಾಡು ಕೊಳ್ಳಲು ಅಲ್ಲಿನವರು ತಮ್ಮ ಜೀವವಿಮೆಯ ಪಾಲಿಸಿಗಳನ್ನೇ ಒತ್ತೆಯಿಟ್ಟರು. 'ನೇಚರ್ ಕನ್ಸರ್ವೆನ್ಸಿ' ಎಂಬ ಸಂರಕ್ಷಣಾ ಸಂಸ್ಥೆ ಕೈಗಡವಾಗಿ ಕೊಟ್ಟ 7,500 ಡಾಲರ್ ಮರಳಿದ ಮೇಲೆ ಮತ್ತೊಂದು ಜಾಗಕ್ಕೆ ಹೋಗಬೇಕೆಂಬ ಕರಾರಿತ್ತು. ನಮ್ಮ ಹೆಂಗಸರ ಚೀಟಿಗೆ ತುಸು ಹತ್ತಿರದ ಲೆಕ್ಕ.

ನಿಜವಾದ ತಿರುವು ತಂದದ್ದು ಕೊಳ್ಳದೆಯೇ ಕಾಯುವ ಉಪಾಯ, ಅಂದರೆ ಸಂರಕ್ಷಣಾ ಕರಾರು. ಪಹಣಿಯಲ್ಲಿ ಹೆಸರು ರೈತನದೇ. ಉಳಲಿ, ದನ ಮೇಯಿಸಲಿ, ಮಾರಲಿ, ಮಕ್ಕಳಿಗೆ ಬಿಡಲಿ. ಲೇಔಟ್ ಮಾಡುವ ಹಕ್ಕೊಂದನ್ನು ಮಾತ್ರ ಶಾಶ್ವತವಾಗಿ ಟ್ರಸ್ಟಿಗೆ ಬರೆದುಕೊಡುತ್ತಾನೆ. ಆ ಕರಾರು ನೋಂದಣಿಯಾಗಿ ನೆಲದ ಜೊತೆಗೇ ಸಾಗುತ್ತದೆ. 1976ರಿಂದ ಅಮೆರಿಕದ ತೆರಿಗೆ ಕಾನೂನು ಇದಕ್ಕೆ ರಿಯಾಯಿತಿ ಕೊಡತೊಡಗಿದ್ದೇ ತಡ, ಊರೂರಿಗೆ ಟ್ರಸ್ಟುಗಳೆದ್ದವು. 2020ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಟ್ರಸ್ಟುಗಳ ಕಾವಲಿನಲ್ಲಿ ಆರು ಕೋಟಿ ಎಕರೆಗೂ ಮಿಕ್ಕಿ ನೆಲವಿತ್ತು.

ಬರೆಸಿಕೊಳ್ಳುವುದು ಸುಲಭ, ಕಾಯುವುದು ಕಷ್ಟ. ವರ್ಷಕ್ಕೊಮ್ಮೆ ಟ್ರಸ್ಟಿನವರು ಹಳೆಯ ಫೋಟೋ, ನಕ್ಷೆ ಹಿಡಿದು ಹೊಲ ಸುತ್ತಬೇಕು. ತಕರಾರು ಸಾಮಾನ್ಯವಾಗಿ ಹುಟ್ಟುವುದು ಸಹಿ ಹಾಕಿದವನಿಂದಲ್ಲ, ಅವನಿಂದ ಕೊಂಡವನಿಂದ. ತೆರಿಗೆ ರಿಯಾಯಿತಿಯ ಆಸೆಗೆ ನೆಲದ ಬೆಲೆಯನ್ನು ಊದಿಸಿ ತೋರಿಸುವ ಹೂಡಿಕೆದಾರರ ಕೂಟಗಳೂ ಹುಟ್ಟಿಕೊಂಡವು; 2022ರ ಕೊನೆಗೆ ಅಮೆರಿಕದ ಕಾಂಗ್ರೆಸ್ ಅದಕ್ಕೆ ಕಡಿವಾಣ ಹಾಕಿತು.

ಇದಕ್ಕೆ ನಮ್ಮಲ್ಲಿ ಹತ್ತಿರದ್ದೆಂದರೆ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ತಂದ ಸಮುದಾಯ ಮೀಸಲು: ಖಾಸಗಿ ಅಥವಾ ಸಮುದಾಯದ ನೆಲವನ್ನು ಜನರೇ ಮುಂದೆ ಬಂದು ಒಪ್ಪಿಸಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು 2007ರಲ್ಲಿ ಹಾಗಾಯಿತು. ಮನೆಯಂಗಳದ ಹುಣಸೆಮರದಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುವ ಊರಿಗೆ ಹಕ್ಕಿ ಕಾಯುವುದನ್ನು ಕಾಯ್ದೆ ಕಲಿಸಬೇಕಿರಲಿಲ್ಲ.

'ಜನರಿಗಾಗಿ' ಎಂದ ಎಲಿಯಟ್‌ನ ಮಾತಿನಲ್ಲಿ ಯಾವ ಜನ ಎಂಬ ಪ್ರಶ್ನೆ ಬಹುಕಾಲ ಏಳಲೇ ಇಲ್ಲ. 1918ರಲ್ಲಿ ಕಟ್ಟಿದ 'ಸೇವ್ ದಿ ರೆಡ್‌ವುಡ್ಸ್ ಲೀಗ್'ನ ಸ್ಥಾಪಕರಲ್ಲೊಬ್ಬ ಮ್ಯಾಡಿಸನ್ ಗ್ರಾಂಟ್. ಮರಗಳ ಬಗ್ಗೆ ಮಮತೆ, ಮನುಷ್ಯರಲ್ಲಿ ಬಿಳಿಯರೇ ಶ್ರೇಷ್ಠರೆಂಬ ಹುಚ್ಚು. ಅದೇ ಲೀಗ್ 2022ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ 523 ಎಕರೆ ರೆಡ್‌ವುಡ್ ಕಾಡನ್ನು ಹತ್ತು ಮೂಲನಿವಾಸಿ ಬುಡಕಟ್ಟುಗಳ ಸಿಂಕಿಯೋನ್ ಮಂಡಳಿಗೆ ಬರೆದುಕೊಟ್ಟಿತು. ಆ ಕಾಡಿಗೆ ಮೂಲ ಭಾಷೆಯ ಹೆಸರು ಮರಳಿತು. ಮೀನು ಹರಿಯುವ ತಾವು ಎಂದು ಅದರರ್ಥ. ಈಗ ಒಡೆತನ ಮಂಡಳಿಯದು. ಸಂರಕ್ಷಣಾ ಕರಾರನ್ನು ಬರೆದುಕೊಟ್ಟದ್ದೂ ಮಂಡಳಿಯೇ, ಲೀಗಿಗೆ.