ಸಂಘದ ಮ್ಯಾಟಡೋರ್ ಮತ್ತು ಅದರ ಕ್ಯಾಮ್ ಶಾಫ್ಟಿನ ವೃತ್ತಾಂತ

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಷೇರು, ಠೇವಣಿ, ಸಾಲ ವಸೂಲಿಯ ವಿವರಗಳು ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಬರೆಯಹೊರಟಿರುವುದು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ ಉದ್ದದ ಕಬ್ಬಿಣದ ಸಲಾಕೆಯ ವಿಷಯ. ಸಂಘದ ಹಳೆಯ ಮ್ಯಾಟಡೋರ್ ವ್ಯಾನಿನ ಕ್ಯಾಮ್ ಶಾಫ್ಟು ಅದು. ಅದು ಸವೆದು ಗಾಡಿ ನಿಂತಾಗ ಊರಿನಲ್ಲಿ ಆದಷ್ಟು ಮಾತು ಯಾವ ಚುನಾವಣೆಗೂ ಆಗಿರಲಿಲ್ಲ. ಸರಿಯಾದ ಶಾಫ್ಟು ಹುಡುಕಲು ಹೋದಾಗ ಆ ಗಾಡಿಯ ವಂಶಾವಳಿಯನ್ನೇ ತಿಳಿಯಬೇಕಾಗಿ ಬಂತು.

ನಮ್ಮ ಕಡೆ ಯಾವ ಸಣ್ಣ ಸರಕುಗಾಡಿ ಬಂದರೂ "ಟೆಂಪೊ ಬಂತು" ಅನ್ನುವುದು ರೂಢಿ. ಟೆಂಪೊ ಎಂಬುದು ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ ವಿಡಾಲ್ ಕುಟುಂಬದ ಕಾರ್ಖಾನೆಯ ಹೆಸರು. ಮೂರು ಚಕ್ರದ ಸರಕುಗಾಡಿಗಳಿಗೆ ಅದು ಪ್ರಸಿದ್ಧವಾಗಿತ್ತು. 1949ರಲ್ಲಿ ಮ್ಯಾಟಡೋರ್ ಎಂಬ ನಾಲ್ಕು ಚಕ್ರದ ವ್ಯಾನನ್ನು ಹೊರತಂದಿತು. ನಮ್ಮ ದೇಶದಲ್ಲಿ ಎನ್. ಕೆ. ಫಿರೋದಿಯಾ ಅವರು 1958ರಲ್ಲಿ ಆ ಕಂಪನಿಯ ಸಹಯೋಗದಲ್ಲಿ ಬಜಾಜ್ ಟೆಂಪೊ ಸ್ಥಾಪಿಸಿ, ಮೊದಲು ಹ್ಯಾನ್ಸಿಯಾಟ್ ಎಂಬ ಮೂರು ಚಕ್ರದ ಗಾಡಿ ಮಾಡಿದರು. ಆಮೇಲೆ 1969ರಲ್ಲಿ ಪುಣೆ ಹತ್ತಿರದ ಆಕುರ್ಡಿಯಿಂದ ಮ್ಯಾಟಡೋರ್ ಬಂತು. ಮುಂದಿನ ಚಕ್ರಗಳೇ ಎಳೆಯುವ ಗಾಡಿಯಾದ್ದರಿಂದ ಹಿಂದಿನ ನೆಲ ತಗ್ಗಾಗಿತ್ತು, ಮೂಟೆ ಏರಿಸಲು ಸುಲಭ. ಮದುವೆ ದಿಬ್ಬಣ, ಹಾಲಿನ ಕ್ಯಾನು, ಗೊಬ್ಬರದ ಚೀಲ ಎಲ್ಲಕ್ಕೂ ಅದೇ ಗಾಡಿ. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಾಯಿಸಿಕೊಂಡಿತು. ಜನರ ಬಾಯಲ್ಲಿ ಮಾತ್ರ ಟೆಂಪೊ ಟೆಂಪೊ ಆಗಿಯೇ ಉಳಿಯಿತು.

ಅತ್ತ ಜರ್ಮನಿಯಲ್ಲಿ ಮನೆ ಕೈ ಬದಲಾಗುತ್ತಾ ಹೋಯಿತು. 1960ರ ದಶಕದಲ್ಲಿ ಟೆಂಪೊ ಕಾರ್ಖಾನೆ ಪೂರ್ತಿಯಾಗಿ ಹ್ಯಾನೊಮಾಗ್ ಕಂಪನಿಗೆ ಸೇರಿತು. ಹ್ಯಾನೊಮಾಗಿನ ವಾಹನ ವಿಭಾಗ 1969ರಿಂದ ಡೈಮ್ಲರ್-ಬೆಂಜ್ ಕೈಗೆ ಹೋಯಿತು. ಹೀಗಾಗಿ ಅದೇ ವ್ಯಾನು ಅಲ್ಲಿ ಮೊದಲು ಟೆಂಪೊ, ಆಮೇಲೆ ಹ್ಯಾನೊಮಾಗ್, ಕೊನೆಗೆ 1977ರವರೆಗೆ ಮರ್ಸಿಡಿಸ್ ಹೆಸರಿನಲ್ಲಿ ಮಾರಾಟವಾಯಿತು. ನಮ್ಮ ದೇಶದ ಮ್ಯಾಟಡೋರಿನಲ್ಲೂ ಇದೇ ನೆರಳು ಬಿತ್ತು. ಹಳೆಯ ಗಾಡಿಗಳಲ್ಲಿ ಹ್ಯಾನೊಮಾಗ್ ಮನೆತನದ ಡೀಸೆಲ್ ಎಂಜಿನ್. 1980ರ ದಶಕದಿಂದ ಮರ್ಸಿಡಿಸ್ ಮನೆತನದ ಓಎಂ 616. ಹೊರಗಿನ ತಗಡು ಒಂದೇ, ಒಳಗಿನ ಹೊಟ್ಟೆ ಬೇರೆ. ಒಂದರ ಕ್ಯಾಮ್ ಶಾಫ್ಟು ಇನ್ನೊಂದಕ್ಕೆ ಏನು ಮಾಡಿದರೂ ಕೂರುವುದಿಲ್ಲ.

ಈ ಓಎಂ 616 ಸಾಮಾನ್ಯ ಎಂಜಿನ್ ಅಲ್ಲ. 1973ರಲ್ಲಿ ಮರ್ಸಿಡಿಸ್ 240 ಡಿ ಕಾರಿಗಾಗಿ ಬಂದದ್ದು, ನಾಲ್ಕು ಸಿಲಿಂಡರು, 2.4 ಲೀಟರು. ಪರದೇಶದಲ್ಲಿ ಟ್ಯಾಕ್ಸಿಯವರು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ ಎಂಜಿನ್ನೇ ನಮ್ಮ ಗೊಬ್ಬರದ ಗಾಡಿಯಲ್ಲಿತ್ತು ಎಂದರೆ ಈಗಲೂ ಕೆಲವರು ನಂಬುವುದಿಲ್ಲ.

ಕ್ಯಾಮ್ ಶಾಫ್ಟ್ ಎಂದರೇನು ಎಂದು ಕೇಳುವ ಸದಸ್ಯರಿಗಾಗಿ ಎರಡು ಮಾತು. ಈ ಎಂಜಿನ್ನಿನಲ್ಲಿ ಅದು ಹೆಡ್ಡಿನ ಮೇಲೆ ಮಲಗಿರುತ್ತದೆ. ಕೆಳಗಿನ ಕ್ರ್ಯಾಂಕಿನಿಂದ ಜೋಡಿ ಚೈನು ಅದನ್ನು ತಿರುಗಿಸುತ್ತದೆ. ಕ್ರ್ಯಾಂಕು ಎರಡು ಸುತ್ತು ಹೊಡೆದರೆ ಇದು ಒಂದು ಸುತ್ತು. ಮೈಮೇಲೆ ಎಂಟು ಉಬ್ಬು, ಸಿಲಿಂಡರಿಗೆ ಎರಡರಂತೆ. ಒಂದು ಉಬ್ಬು ಗಾಳಿ ಒಳಗೆ ಬಿಡುವ ವಾಲ್ವನ್ನೂ ಇನ್ನೊಂದು ಹೊಗೆ ಹೊರಗೆ ಬಿಡುವ ವಾಲ್ವನ್ನೂ ರಾಕರಿನ ಮೂಲಕ ತೆರೆಯುತ್ತದೆ. ಉಬ್ಬು ಸವೆದರೆ ವಾಲ್ವು ಅರ್ಧ ಬಾಗಿಲು ತೆಗೆದ ಹಾಗೆ. ಗಾಡಿ ದಿಣ್ಣೆ ಹತ್ತುವುದಿಲ್ಲ, ಹೊಗೆ ಕಾರುತ್ತದೆ.

ನಮ್ಮ ಸಂಘ ಆ ಮ್ಯಾಟಡೋರನ್ನು ಕೊಂಡಾಗಲೇ ಅದು ಮೂರು ಕೈ ದಾಟಿ ಬಂದಿತ್ತು. ಎಂಜಿನ್ನಿನ ಎಣ್ಣೆ ದಾರಿಯಲ್ಲಿ ಹಿಂದಿನವರ ಕಾಲದ ಮಡ್ಡಿ ಕಟ್ಟಿ ಮೂರನೇ ಸಿಲಿಂಡರಿನ ಉಬ್ಬು ಚಪ್ಪಟೆಯಾಗಿತ್ತು. ವಾಲ್ವಿನ ಸಂದು ಎಷ್ಟು ಸಲ ಸರಿಮಾಡಿದರೂ ವಾರಕ್ಕೆ ಮತ್ತೆ "ಟಕ ಟಕ" ಶುರು. ಅದೂ ಎಂಥ ಹೊತ್ತಿನಲ್ಲಿ! ಊರಿನ ಅರ್ಧ ಮನೆಗಳಲ್ಲಿ ರೇಷ್ಮೆ ಹುಳು ಚಂದ್ರಿಕೆ ಏರಿತ್ತು. ಗೂಡು ಬಿಡಿಸಿದ ಮೇಲೆ ಬೇಗ ರಾಮನಗರದ ಮಾರುಕಟ್ಟೆ ಮುಟ್ಟಿಸಬೇಕು, ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಬಾಡಿಗೆ ಗಾಡಿಯವರು ನಮ್ಮ ಅವಸರ ನೋಡಿ ದರ ಏರಿಸಿದರು.

ತಾಲ್ಲೂಕು ಕೇಂದ್ರದ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಮಾಡೆಲ್ ಯಾವ ವರ್ಷದ್ದು ಸಾರ್?" ಆರ್.ಸಿ. ನೋಡಿ ವರ್ಷ ಹೇಳಿದೆವು. ಬಂದ ಶಾಫ್ಟು ಹ್ಯಾನೊಮಾಗ್ ಎಂಜಿನ್ನಿನದು. ನಮ್ಮ ಗಾಡಿಯ ಮೈ ಹಳೆಯದು ನಿಜ, ಆದರೆ ಹಿಂದಿನ ಮಾಲೀಕರೊಬ್ಬರು ಎಂಜಿನ್ ಬದಲಿಸಿ ಓಎಂ 616 ಕೂರಿಸಿದ್ದರು. ವರ್ಷ ಕೇಳಿ ಸಾಮಾನು ಕೊಡುವ ಪದ್ಧತಿ ಬಾಡಿ ತಗಡಿಗೆ ಸರಿ, ಎಂಜಿನ್ನಿಗೆ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಎರಡನೇ ಸಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದು ನೋಡಲು ತದ್ರೂಪು. ಎಂಟೇ ಉಬ್ಬು, ಅಷ್ಟೇ ಉದ್ದ. ನಿರ್ದೇಶಕರೊಬ್ಬರು "ಹಾಕಿ ಬಿಡ್ರಯ್ಯ, ಗೂಡು ಹಾಳಾಗ್ತದೆ" ಅಂದರು. ನಮ್ಮ ಹಿರಿಯ ಮೇಸ್ತ್ರಿ ಒಪ್ಪಲಿಲ್ಲ. ಹಳೆಯ ಶಾಫ್ಟಿನ ತುದಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಲ್ಲಿ ಒತ್ತಿದ್ದ ಅಂಕಿ ತೋರಿಸಿದರು. ಹೊಸದರ ಮೇಲೆ ಬೇರೆ ಅಂಕಿ. "ಅಣ್ಣ ತಮ್ಮನ ಮುಖ ಒಂದೇ ಇರ್ತದೆ ಸ್ವಾಮಿ, ಹಂಗಂತ ಒಬ್ಬರ ಪತ್ರಕ್ಕೆ ಇನ್ನೊಬ್ಬರ ಹೆಬ್ಬೆಟ್ಟು ಒತ್ತಿಸೋಕಾಗ್ತದಾ?" ಅಂದರು. ಆ ಎಂಜಿನ್ನಿನ ಒಡಹುಟ್ಟಿದವು ಇನ್ನೂ ಇವೆ: ಅದಕ್ಕಿಂತ ಮುಂಚಿನ 615, ಐದು ಸಿಲಿಂಡರಿನ 617. ಉಬ್ಬಿನ ಆಕಾರ ಸ್ವಲ್ಪ ವ್ಯತ್ಯಾಸವಾದರೂ ವಾಲ್ವು ತೆರೆಯುವ ಗಳಿಗೆ ಬದಲಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಬಹಳ ಕಡಿಮೆ. ಗಳಿಗೆ ತೀರಾ ತಪ್ಪಿದರೆ ಒಂದಕ್ಕೊಂದು ಬಡಿದು ಹೆಡ್ಡಿನ ಕೆಲಸವೇ ಬೀಳುತ್ತದೆ.

ಅಂದೇ ರಾತ್ರಿ ಆಡಳಿತ ಮಂಡಳಿ ಸೇರಿತು. ಗಾಡಿಯನ್ನು ಗುಜರಿಗೆ ಹಾಕೋಣ ಎಂದವರಿದ್ದರು. ಗುಜರಿಯಿಂದಲೇ ಹಳೇ ಶಾಫ್ಟು ತರೋಣ, ಅಗ್ಗ ಎಂದವರೂ ಇದ್ದರು. ಮೇಸ್ತ್ರಿಯನ್ನು ಕರೆಸಿ ಕೇಳಲಾಯಿತು. ಹಳೇ ಶಾಫ್ಟಿನ ಉಬ್ಬಿನ ಗಟ್ಟಿ ಪದರ ಹೋಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಸವೆದ ರಾಕರ್ ಮೇಲೆ ಹೊಸ ಶಾಫ್ಟು ಇಟ್ಟರೂ ಅದು ಬೇಗ ತಿಂದುಹೋಗುತ್ತದೆ, ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು ಎಂದರು. ಖರ್ಚು ಹೆಚ್ಚೇ. ಆದರೂ ಮಂಡಳಿ ಒಪ್ಪಿತು. ಆ ತಿಂಗಳು ಸಿಟ್ಟಿಂಗ್ ಫೀ ಬೇಡ ಎಂದು ನಿರ್ದೇಶಕರೆಲ್ಲ ಬರೆದುಕೊಟ್ಟದ್ದು ನಡವಳಿ ಪುಸ್ತಕದಲ್ಲಿದೆ.

ಮೂರನೇ ಸಲ ಮೇಸ್ತ್ರಿಯೇ ಹಳೇ ಶಾಫ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋದರು. ಕಾಗದ ತೋರಿಸಿ ಕೇಳಲಿಲ್ಲ. ಸಾಮಾನಿನ ಪಕ್ಕ ಸಾಮಾನಿಟ್ಟು, ಅಂಕಿ ನೋಡಿ, ಸವೆಯದ ಉಬ್ಬುಗಳನ್ನು ವರ್ನಿಯರ್ ಹಿಡಿದು ಅಳೆದು ತಂದರು. ಕೂರಿಸುವಾಗ ಶಾಫ್ಟಿನ ಗುರುತು, ಕ್ರ್ಯಾಂಕಿನ ಗುರುತು ಎರಡೂ ಕೂಡಿಸಿ, ಚೈನು ಎಳೆದುಕೊಂಡಿದೆಯೇ ಎಂದು ನೋಡಿ, ತಣ್ಣಗಿನ ಎಂಜಿನ್ನಿನಲ್ಲಿ ಗಾಳಿಯ ವಾಲ್ವಿಗೆ 0.10, ಹೊಗೆಯ ವಾಲ್ವಿಗೆ 0.30 ಮಿಲಿಮೀಟರ್ ಸಂದು ಇಟ್ಟರು. ಸ್ಟಾರ್ಟ್ ಮಾಡುವ ಮೊದಲು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆಯಲಿಲ್ಲ ಎಂದ ಮೇಲೆಯೇ ಕೀಲಿ ಕೊಟ್ಟರು.

ಕೊನೆಯ ಗೂಡಿನ ಮೂಟೆಗಳು ನಮ್ಮ ಗಾಡಿಯಲ್ಲೇ ರಾಮನಗರಕ್ಕೆ ಹೋದವು. ಮೊದಲು ಬಿಡಿಸಿದ ನಾಲ್ಕು ಮನೆಯವರು ಬಾಡಿಗೆ ಗಾಡಿಗೆ ಹೆಚ್ಚು ತೆತ್ತಿದ್ದರು. ಅವರಿಗೆ ಮುಂದಿನ ಬೆಳೆಯಲ್ಲಿ ಸಾಗಣೆ ಬಿಟ್ಟಿಯಾಗಿ ಆಯಿತು. ಆ ಮ್ಯಾಟಡೋರ್ ಮತ್ತೂ ಕೆಲವು ವರ್ಷ ದುಡಿದು ಮಾರಾಟವಾಯಿತು. ಶಾಫ್ಟಿನ ಅಂಕಿಯನ್ನು ಗುಮಾಸ್ತರು ದಾಸ್ತಾನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಕೊಂಡವರು ಗಾಡಿಯ ಜೊತೆ ಆ ಪುಟದ ನಕಲನ್ನೂ ಕೇಳಿ ತೆಗೆದುಕೊಂಡು ಹೋದರು.